ವರದೆಯ ದಂಡೆಯ ಎಲಿಮನಿ

ಆಷಾಢ ಶುದ್ಧ ನವಮಿಯ ದಿನ ಬೆಳಗಿನ ಏಳು ಗಂಟೆಯ ಬಸ್ಸಿಗೆ ಶಿಗ್ಗಾಂವಿ ಬಿಟ್ಟೆ. ಸವಣೂರಿಗೆ ಅರವತ್ತು ಪೈಸೆ. ಹೊಸ ಪೈಸೆ ಬಂದು ನಾಲ್ಕು ವರ್ಷವಾಗಿದ್ದರೂ ಕಂಡಕ್ಟರ್ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದ. ನನ್ನ ಚೀಲದಲ್ಲಿ ಎರಡು ಧೋತರ, ಅವ್ವ ಕಟ್ಟಿಕೊಟ್ಟ ಹಚ್ಚಿದ ಅವಲಕ್ಕಿ, ನೂರು ಪುಟದ ಒಂದು ವಹಿ ಇದ್ದವು. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಹೊಲಗಳಲ್ಲಿ ಜೋಳ, ಹತ್ತಿಯ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುತ್ತಿದ್ದರು.

ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಓದಿ ಬಿ.ಎ. ಆದವನು ನಾನು. ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ಅದನ್ನೇ ಕಲಿಸುತ್ತೇನೆ. ಹಾನಗಲ್ಲಿನಿಂದ ಹಿರೇಕೆರೂರಿನ ಕಡೆ ಹೋಗುವ ದಾರಿಯಲ್ಲಿ ವರದಾ ನದಿಯನ್ನು ಹರಿಗೋಲಿನಲ್ಲಿ ದಾಟುವ ಜಾಗವೊಂದಿದೆ. ಆಚೆ ದಂಡೆಯ ದಿಬ್ಬದ ಮೇಲೆ ಹಳೆಯದೊಂದು ಖಾನಾವಳಿ. ಉಣ್ಣಲು ರೊಟ್ಟಿ, ಮಲಗಲು ಪಡಸಾಲೆ. ಸುತ್ತಲಿನವರು ಅದಕ್ಕೆ ‘ಎಲಿಮನಿ’ ಎನ್ನುತ್ತಾರೆ. ಕಳೆದ ಬೇಸಿಗೆಯಲ್ಲಿ ಇಂಜಿನಿಯರರು ಬಂದು ಸೇತುವೆಗೆಂದು ಗೂಟ ಹೊಡೆದು ಹೋಗಿದ್ದರು. ಸೇತುವೆಯಾದ ಮೇಲೆ ಅಲ್ಲಿ ಯಾರೂ ನಿಲ್ಲುವುದಿಲ್ಲ. ಅಷ್ಟರೊಳಗೆ ಆ ಮನೆಯ ಮತ್ತು ಅದರ ಮಾಲಕರ ಕಥೆಯನ್ನು ಬರೆದಿಟ್ಟುಕೊಳ್ಳಬೇಕೆಂದು ನಾನು ಹೊರಟಿದ್ದೆ. ಬರೆದುಕೊಂಡೂ ಬಂದೆ. ಆದರೆ ಈ ಪ್ರಯಾಣದಲ್ಲಿ ಒಬ್ಬ ತಾಯಿಯ ಜೀವ ಹೋಗುವುದರಲ್ಲಿತ್ತು, ಅದರಲ್ಲಿ ನನ್ನ ಪಾಲೂ ಇತ್ತು. ಅದನ್ನು ಬಿಟ್ಟು ಬರೀ ಖಾನಾವಳಿಯ ಇತಿಹಾಸ ಬರೆಯಲು ನನ್ನಿಂದ ಆಗುತ್ತಿಲ್ಲ.

ಸವಣೂರಿನಲ್ಲಿ ನಾನು ಕಾಣಬೇಕಾಗಿದ್ದವರು ಇಮಾಮಸಾಬ. ಎಪ್ಪತ್ತು ದಾಟಿದ ಎಲೆ ವ್ಯಾಪಾರಿ. ಅಜ್ಜನ ಕಾಲದಿಂದ ಇವರ ಮನೆಯ ವೀಳ್ಯದೆಲೆ ಬುಟ್ಟಿಗಳು ಹಾನಗಲ್ಲು, ಹಿರೇಕೆರೂರುಗಳಿಗೆ ಹೋಗುತ್ತಿವೆ. ಅಂಗಡಿಯಲ್ಲಿ ಒದ್ದೆ ಗೋಣಿಯ ಮೇಲೆ ಕುಳಿತು ಎಲೆ ಜೋಡಿಸುತ್ತಿದ್ದರು.

“ಬರ್ರಿ ಮಾಸ್ತರ, ಕುಂದರ್ರಿ. ಎಲಿ ಮ್ಯಾಲ ಮಾತ್ರ ಕುಂದರಬ್ಯಾಡ್ರಿ, ಅವು ಹಿರೇಕೆರೂರ ಮುಟ್ಟಬೇಕು” ಎಂದರು.

ಖಾನಾವಳಿಗೆ ಎಲಿಮನಿ ಎಂಬ ಹೆಸರು ಯಾಕೆ ಬಂತು ಎಂದು ಕೇಳಿದೆ.

“ಎಲಿ ಅಂದ್ರ ಬಾಣಂತಿ ಇದ್ದಂಗ್ರಿ. ಗಾಳಿ ತಾಕಬಾರದು, ಬಿಸಲ ಬಡೀಬಾರದು, ನೀರ ಹೆಚ್ಚಾಗಬಾರದು. ನವಾಬರ ಕಾಲದಾಗ ಈರಪ್ಪ ಅಂತ ಒಬ್ಬಾಂವ ನಮ್ಮ ಮುತ್ಯಾನ ಬುಟ್ಟಿ ಹೊರತಿದ್ದ. ಒಂದ ಆಷಾಢದಾಗ ಹೊಳಿ ಬಂತು. ಹನ್ನೊಂದ ದಿನ ಇಳೀಲಿಲ್ಲ. ದಂಡಿ ಮ್ಯಾಲ ಕುಂತಾಂವ ಬುಟ್ಟಿಗಟ್ಟಲೆ ಎಲಿ ಕೊಳತದ್ದ ನೋಡಿದ. ಮರು ಬ್ಯಾಸಗಿಗೆ ಹೋಗಿ ಅಲ್ಲೇ ದಿಬ್ಬದ ಮ್ಯಾಲ ಅರ್ಧ ನೆಲದಾಗ ಇಳಿಸಿ ಒಂದ ಕಲ್ಲಿನ ಖೋಲಿ ಕಟ್ಟಿದ. ಒಳಗ ಹೊಳಿ ಉಸುಕು. ಅದರಾಗ ಇಟ್ರ ಎಲಿ ಎಂಟ ದಿನ ತಡೀತಿತ್ತು.”

“ಖಾನಾವಳಿ?”

“ಎಲಿ ಕಾಯೋರು ಹೊರಗ ಮಕ್ಕೋತಿದ್ರು. ಅವರ ಹೊಟ್ಟಿಗೆ ಬ್ಯಾಡೇನ್ರಿ? ಈರಪ್ಪನ ಹೇಣ್ತಿ ಗುರವ್ವ ಹಂಚ ಹೊತಕೊಂಡ ಹೋಗಿ ರೊಟ್ಟಿ ಬಡ್ಯಾಕ ಕುಂತ್ಲು. ಮೊದಲ ಎಲಿಗೆ ಮನಿ ಆತು, ಆಮ್ಯಾಲ ಮನಷ್ಯಾಗ.”

ಎರಡನೆಯ ಮಾಲಕ ಈರಪ್ಪನ ಮಗ ಚೆನ್ನಬಸಪ್ಪ. ಪಡಸಾಲೆ ಹಾಕಿಸಿದವನು, ಕೂಗುವ ಪದ್ಧತಿ ತಂದವನು ಅವನೇ. “ಅಂವ ಈ ದಂಡಿಗೆ ಕೆಮ್ಮಿದ್ರ ಆ ದಂಡಿ ಎತ್ತು ಬೆದರತಿದ್ದು” ಎಂದು ಇಮಾಮಸಾಬರು ನಕ್ಕರು. ಈ ದಂಡೆಯಲ್ಲಿ ಜನ ಸೇರಿದ್ದು ಕಂಡರೆ ಅವನು ಆಚೆಯಿಂದ “ಊಟಕ್ಕ ಎಷ್ಟು?” ಎಂದು ಕೂಗಬೇಕು. ಇಲ್ಲಿಂದ ಒಬ್ಬರು ಸಂಖ್ಯೆ ಕೂಗಬೇಕು. ಹರಿಗೋಲು ದಾಟುವಷ್ಟರಲ್ಲಿ ಅಷ್ಟೇ ಮಂದಿಗೆ ರೊಟ್ಟಿ ಬಿಸಿಯಾಗಿ ಸಿದ್ಧ, ಅಷ್ಟೇ ತಾಟು ಸಾಲಾಗಿ ಇರುತ್ತಿದ್ದವು. ಹಾಗಾಗಿ ಹತ್ತಿದವರೆಲ್ಲ ಇಳಿದರೋ ಇಲ್ಲವೋ ಎಂಬುದನ್ನು ಅಂಬಿಗ ಬೇರೆಯಾಗಿ ನೋಡುತ್ತಿರಲಿಲ್ಲ. ಪ್ರತಿ ತಾಟಿಗೂ ಒಬ್ಬರು ಕೂತರೆ ಎಲ್ಲರೂ ಬಂದರೆಂದೇ ಅರ್ಥ.

“ಉಪಾಸ ಇದ್ದೋರನ್ನ ಮಾತ್ರ ಕೂಗೂ ಹಂಗಿಲ್ರಿ” ಎಂದು ಅವರು ಸೇರಿಸಿದರು. “ಒಂದ ಏಕಾದಶಿ ದಿನ ಹದಿನಾಲ್ಕು ಅಂತ ಕೂಗಿದ್ರಂತ. ಬಂದ ನೋಡಿದ್ರ ಒಂಬತ್ತ ಮಂದಿ ಉಪಾಸ! ಬಡದ ರೊಟ್ಟಿ ಹಂಗ ಉಳದು. ಚೆನ್ನಬಸಪ್ಪನ ಮಾರಿ ನೋಡಬೇಕಿತ್ತಂತ್ರಿ. ಅವತ್ತಿಂದ ಹುಕುಂ ಆತು: ಉಂಬೋರನ್ನಷ್ಟ ಕೂಗಬೇಕು. ಭಾರಿ ಜಿಪುಣ ಬಿಡ್ರಿ ಅಂವ.”

ಇಬ್ಬರೂ ನಕ್ಕೆವು. ಅದನ್ನು ವಹಿಯಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದೆ. ಹೊರಡುವಾಗ ಇಮಾಮಸಾಬರು ಒಂದು ಕಟ್ಟು ಎಲೆ ಕೊಟ್ಟು, ಈಗಿನ ಮಾಲಕಿ ನೀಲವ್ವನಿಗೆ ಮುಟ್ಟಿಸಲು ಹೇಳಿದರು. ಚೆನ್ನಬಸಪ್ಪನ ಸೊಸೆ ಅವಳು.

ಮರುದಿನ ದಶಮಿ. ಸವಣೂರಿನಿಂದ ಬಂಕಾಪುರಕ್ಕೆ ಬಂದು ಹಾನಗಲ್ಲಿನ ಬಸ್ಸಿಗಾಗಿ ಎರಡು ಗಂಟೆ ಕಾದೆ. ಕೋಟೆಯ ಕಡೆಯಿಂದ ನವಿಲುಗಳು ಒಂದೇ ಸಮನೆ ಕೂಗುತ್ತಿದ್ದವು. ಚಹಾದ ಅಂಗಡಿಯವನು “ಇವು ಇಷ್ಟ ಒದರಾಕತ್ರ ಘಟ್ಟದಾಗ ಮಳಿ ಜೋರ ಐತಿ ಅಂತ ತಿಳಕೋರಿ” ಎಂದ. ಹಾನಗಲ್ಲು ಸೇರುವ ಹೊತ್ತಿಗೆ ನಮ್ಮ ಮೇಲೂ ಸುರಿಯಿತು. ರಾತ್ರಿ ಪರಿಚಯದ ಮಾಸ್ತರರೊಬ್ಬರ ಮನೆಯಲ್ಲಿ ಉಳಿದೆ. ಹೊಳೆ ಏರಿದೆ, ಹೋಗಬೇಡಿ ಎಂದು ಅವರು ಹೇಳಿದರು. ರಜೆ ಮುಗಿಯುತ್ತದೆ ಎಂದು ನಾನು ಕೇಳಲಿಲ್ಲ.

ಏಕಾದಶಿಯ ದಿನ ಚಕ್ಕಡಿಯಲ್ಲಿ ಎಂಟು ಮೈಲು ಕೆಸರು ದಾಟಿ ಹೊಳೆ ಮುಟ್ಟಿದಾಗ ಮಧ್ಯಾಹ್ನ ಮೂರಾಗಿತ್ತು. ವರದೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. ಆಚೆ ದಿಬ್ಬದ ಮೇಲೆ ಹೆಂಚಿನ ಮಾಡು, ಅದರಿಂದ ಹೊಗೆ ಏಳುವುದು ಕಾಣುತ್ತಿತ್ತು. ಈಚೆ ಬೇವಿನ ಮರದ ಕೆಳಗೆ ದಾಟಲು ಕಾಯುತ್ತ ಕೆಲವರಿದ್ದರು. ಎಲೆ ಬುಟ್ಟಿ ಹೊತ್ತ ಸವಣೂರಿನವರು ಇಬ್ಬರು, ಒಬ್ಬರನ್ನೊಬ್ಬರು ಬಿಟ್ಟು ಕೂರದ ಎಳೆಯ ಗಂಡಹೆಂಡತಿ, ಎತ್ತು ಮಾರಿ ಊರಿಗೆ ಹೊರಟ ಅಣ್ಣತಮ್ಮಂದಿರು. ಅಣ್ಣನ ಹೆಸರು ದ್ಯಾಮಣ್ಣ; ಬಾಯಿ ಸುಮ್ಮನಿರದ ಮನುಷ್ಯ. ಸ್ವಲ್ಪ ದೂರದಲ್ಲಿ ಗಂಟೊಂದನ್ನು ತೊಡೆಯ ಮೇಲಿಟ್ಟುಕೊಂಡು ಐವತ್ತರ ಹೆಂಗಸೊಬ್ಬಳು ಕೂತಿದ್ದಳು. ಕೊರಳಲ್ಲಿ ತುಳಸಿ ಮಾಲೆ.

ನಾನು ಅವಳ ಪಕ್ಕದ ಕಲ್ಲಿನ ಮೇಲೆ ಕೂತೆ. ಹೆಸರು ರುಕ್ಮವ್ವ, ಊರು ಆಡೂರು. ಹಿರೇಕೆರೂರಿನಲ್ಲಿ ಮಗಳ ಮನೆಗೆ ಹೊರಟಿದ್ದಳು.

“ದಿನಾ ತುಂಬ್ಯಾವರೀ ಆಕೀಗೆ. ಹ್ವಾದ ವರ್ಷದ ಕೂಸು ನಮ್ಮನ್ಯಾಗ ಹುಟ್ಟಿ ಮೂರ ದಿನಕ್ಕ ಹೋತು. ಈ ಸಲ ಅವ್ವ ಬರೂ ತನಕಾ ನಾ ಹಡ್ಯೂದಿಲ್ಲ ಅಂತ ಹೇಳಿ ಕಳಸ್ಯಾಳ. ಅದೇನ ಆಕಿ ಕೈಯಾಗ ಐತೇನ್ರಿ? ಹೆದರ್ಯಾಳ, ಅದಕ್ಕ ಹಂಗಂತಾಳ” ಎಂದಳು.

ಅಷ್ಟರಲ್ಲಿ ಆಚೆ ದಂಡೆಯಿಂದ ಹೆಣ್ಣುದನಿಯೊಂದು ನೀರಿನ ಮೇಲೆ ಹಾದು ಬಂತು. “ಊಟಕ್ಕ ಎಷ್ಟು?”

ದ್ಯಾಮಣ್ಣ ನನ್ನ ಕಡೆ ತಿರುಗಿದ. “ಮಾಸ್ತರ, ನಿಮ್ಮ ದನಿ ಸಾಲ್ಯಾಗ ಪಳಗೈತಿ. ನೀವ ಕೂಗ್ರಿ.”

ಸವಣೂರಿನಲ್ಲಿ ಕೇಳಿದ್ದನ್ನು ಕಣ್ಣಾರೆ ಕಾಣುವ ಖುಷಿಯಲ್ಲಿ ನಾನು ಎದ್ದುನಿಂತೆ. ಎಲ್ಲರನ್ನೂ ಕೇಳಿದೆ. ರುಕ್ಮವ್ವ ಕೈ ಆಡಿಸಿ “ನಂದು ಏಕಾದಶಿ, ಲೆಕ್ಕಕ್ಕ ನನ್ನ ಹಿಡೀಬ್ಯಾಡ್ರಿ” ಎಂದಳು. ಪದ್ಧತಿ ನನಗೆ ಗೊತ್ತಿತ್ತು. ಎರಡೂ ಕೈ ಬಾಯಿಗೆ ಹಿಡಿದು “ಏಳೂ...” ಎಂದು ಕೂಗಿದೆ. “ಏಳಾ?” ಎಂದು ಆಚೆಯಿಂದ ಬಂತು. “ಏಳು!” ಎಂದೆ. ನಾವು ಎಂಟು ಮಂದಿ ಇದ್ದೆವು.

ಹರಿಗೋಲು ತಂದವನು ಅಂಬಿಗರ ಹನಮಪ್ಪ. ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ತೊಗಲು. ಬುಟ್ಟಿಗಳನ್ನು ನಡುವೆ ಇಟ್ಟು ನಾವು ಸುತ್ತ ಕೂತೆವು. ರುಕ್ಮವ್ವ ನನ್ನ ಬೆನ್ನ ಹಿಂದೆ. ಅರ್ಧ ಹೊಳೆ ದಾಟುವ ಮೊದಲೇ ಮಳೆ ಜೋರಾಯಿತು. “ಕಂಬಳಿ ಮುಸುಕ ಹಾಕ್ರಿ, ತಲಿ ತಗ್ಗಸ್ರಿ. ಏನಾದ್ರೂ ಆಗ್ಲಿ, ಎದ್ದ ನಿಲ್ಲಬ್ಯಾಡ್ರಿ” ಎಂದು ಹನಮಪ್ಪ ಕೂಗಿದ. ಹಾಗೆಯೇ ಮಾಡಿದೆವು. ಆಮೇಲೆ ನಾನು ನೋಡಿದ್ದು ಕಡಿಮೆ, ಮೈಗೆ ಗೊತ್ತಾದದ್ದು ಹೆಚ್ಚು.

ಆಚೆ ದಂಡೆಯ ಹತ್ತಿರ ಉಸುಕಿನ ಗಡ್ಡೆಯ ಮೇಲೆ ಒಂದು ಅತ್ತಿಯ ಮರವಿದೆ. ಬೇಸಿಗೆಯಲ್ಲಿ ಅದರ ನೆರಳಿಗೆ ದನ ನಿಲ್ಲುತ್ತವಂತೆ. ಅಂದು ಅದರ ನೆತ್ತಿಯಷ್ಟೇ ನೀರಿನ ಮೇಲಿತ್ತು. ಸೆಳವು ಹರಿಗೋಲನ್ನು ಬುಗುರಿಯಂತೆ ತಿರುಗಿಸಿ ಆ ಕೊಂಬೆಗಳೊಳಗೆ ನೂಕಿತು. ಬೆನ್ನ ಮೇಲೆ ಟೊಂಗೆಗಳು ಕೆರೆದವು. ಹರಿಗೋಲು ಒಂದು ಬದಿಗೆ ವಾಲಿತು, ಮೊಣಕಾಲಿನವರೆಗೆ ನೀರು ಬಂತು. ಎಲೆಯವನೊಬ್ಬ “ಬುಟ್ಟಿ ಹೋತೋ!” ಎಂದು ಒದರಿದ. ಮರುಕ್ಷಣ ಹರಿಗೋಲು ಹಗುರಾಗಿ, ನೆಟ್ಟಗಾಗಿ, ಕೊಂಬೆಗಳಿಂದ ಬಿಡಿಸಿಕೊಂಡು ತೇಲಿತು.

ಆ ಹಗುರವನ್ನು ನಾನು ಮರೆಯಲಾರೆ. ಬದುಕಿದೆವು ಎಂದುಕೊಂಡೆ, ಮುಸುಕಿನೊಳಗೆ ದೇವರಿಗೆ ಕೈ ಮುಗಿದೆ. ಹೋದದ್ದು ಎಲೆಯ ಬುಟ್ಟಿ ಎಂದು ಎಲ್ಲರಂತೆ ನಾನೂ ನಂಬಿದೆ. ಬೆನ್ನ ಹಿಂದೆ ತಾಗುತ್ತಿದ್ದ ಗಂಟು ಈಗ ತಾಗುತ್ತಿಲ್ಲ ಎಂಬುದು ನನ್ನ ಬೆನ್ನಿಗೆ ಗೊತ್ತಿತ್ತು, ತಿರುಗಿ ನೋಡಲಿಲ್ಲ. ಈಗಲೂ ಪಾಠ ಹೇಳುತ್ತ ನಿಂತಾಗ ಕಾಲ ಕೆಳಗಿನ ನೆಲ ಹಾಗೆ ಹಗುರಾದಂತಾಗಿ ಮೇಜು ಹಿಡಿದುಕೊಳ್ಳುತ್ತೇನೆ.

ದಂಡೆಯನ್ನು ಎರಡು ಕೂಗಳತೆ ಕೆಳಗೆ ಮುಟ್ಟಿದೆವು. ಹನಮಪ್ಪ ಹರಿಗೋಲನ್ನು ಮೇಲೆ ಎಳೆಯುತ್ತ ಹಿಂದೆ ಉಳಿದ. ನಾವು ಕೆಸರಿನಲ್ಲಿ ಒಬ್ಬರಿಗೊಬ್ಬರು ಕಾಯದೆ, ಸಿಕ್ಕ ದಾರಿ ಹಿಡಿದು ದಿಬ್ಬ ಏರಿದೆವು.

ಎಲಿಮನಿಯ ಪಡಸಾಲೆಯಲ್ಲಿ ಏಳು ತಾಟು ಸಾಲಾಗಿದ್ದವು. ಜೋಳದ ಬಿಸಿ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ. ನೀಲವ್ವ ಎತ್ತರದ, ಗಟ್ಟಿ ಮೈಯ ಮುದುಕಿ. ನಮ್ಮನ್ನು ನೋಡಿ, ತಾಟುಗಳನ್ನು ನೋಡಿ, “ಏಳು ಅಂದ್ರಿ, ಏಳು ಬಂದ್ರಿ. ಶಿವ ದೊಡ್ಡಾಂವ. ಕುಂದರ್ರಿ” ಎಂದಳು.

“ಹೊಳಿ ಕುಡದ ಹೊಟ್ಟಿ ತುಂಬೇತಿ ಅವ್ವಾರ” ಎಂದ ದ್ಯಾಮಣ್ಣ. “ಆದ್ರೂ ನಿಮ್ಮ ರೊಟ್ಟಿಗೆ ಜಾಗಾ ಇಟ್ಟೇನಿ.”

ಎಲ್ಲರೂ ನಕ್ಕರು. ಸಾವಿನಿಂದ ತಪ್ಪಿಸಿಕೊಂಡವರ ನಗು ಅದು, ಸ್ವಲ್ಪ ಜೋರೇ ಇತ್ತು. ನಾನೂ ನಕ್ಕೆ. ಒಂದು ರೊಟ್ಟಿ ತಿಂದೆ, ಎರಡನೆಯದನ್ನು ಮುರಿದೆ. ನೀಲವ್ವ ಒಳಗೆ ಹೋಗಿ ಬುಟ್ಟಿಯಲ್ಲಿ ಕುದಿಸಿದ ಗೆಣಸು ತಂದು ನಿಂತಳು.

“ಏಕಾದಶಿ ಅಂತ ಗೆಣಸ ಕುದಿಸಿಟ್ಟೇನಿ. ಉಪಾಸದೋರು ಯಾರೂ ಇಲ್ಲೇನ್ರಿ ಈ ಸಲ?”

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಪಡಸಾಲೆಯ ತುಂಬ ನೋಡಿದೆ. ಏಳು ತಾಟು, ಏಳು ಮಂದಿ.

“ಇನ್ನೊಬ್ಬಾಕಿ ಇದ್ಲು” ಎಂದೆ. “ಆಡೂರಾಕಿ. ಉಪಾಸ ಇದ್ಲು. ನಾ ಕೂಗಲಿಲ್ಲ. ಅತ್ತಿ ಗಿಡಕ್ಕ ಬಡಿಯೂ ತನಕಾ ನನ್ನ ಬೆನ್ನ ಹಿಂದ ಇದ್ಲು.”

ನೀಲವ್ವ ಬುಟ್ಟಿ ಕೆಳಗಿಟ್ಟಳು. ನನ್ನನ್ನು ಬೈಯಲಿಲ್ಲ. ಬಾಗಿಲಿಗೆ ಹೋಗಿ “ಹನಮಪ್ಪಾ! ಅತ್ತಿ ಗಿಡಾ ನೋಡೋ!” ಎಂದು ಒಂದೇ ಮಾತು ಕೂಗಿದಳು. ಆಮೇಲೆ ಹಿತ್ತಲಿನ ಕಲ್ಲಿನ ಖೋಲಿಯ ಬಾಗಿಲು ತೆಗೆದು, ಎಲೆ ಬುಟ್ಟಿ ಬಿಗಿಯುವ ಹಗ್ಗದ ಸುರುಳಿಗಳನ್ನು ನಮ್ಮ ಕೈಗೆ ಹಾಕಿದಳು. ಈರಪ್ಪ ಕಟ್ಟಿದ ಆ ಖೋಲಿಯನ್ನು ನೋಡಲೆಂದೇ ನಾನು ಅಷ್ಟು ದೂರ ಬಂದಿದ್ದೆ. ಅದರ ತಂಪು ಮುಖಕ್ಕೆ ಬಡಿದದ್ದಷ್ಟೇ ನೆನಪು.

ಮಳೆ ಕಡಿಮೆಯಾಗಿತ್ತು, ಬೆಳಕಿತ್ತು. ಅತ್ತಿಯ ಕೊಂಬೆಗಳ ನಡುವೆ ಸೀರೆಯ ಹಸಿರು ಕಂಡಿತು. ಎದೆಯವರೆಗೆ ನೀರಿನಲ್ಲಿ, ಟೊಂಗೆಯೊಂದನ್ನು ಎರಡೂ ತೋಳುಗಳಿಂದ ತಬ್ಬಿದ್ದಳು. ನಾವು ಕುಳಿತು ಉಂಡ ಅರ್ಧ ಗಂಟೆ ಅವಳು ಹಾಗೆಯೇ ಇದ್ದಳು. ನೀರು ಇನ್ನೂ ಏರುತ್ತಿತ್ತು.

ಹರಿಗೋಲನ್ನು ಹೊತ್ತು ಮರಕ್ಕಿಂತ ಮೇಲಕ್ಕೆ ಒಯ್ದೆವು. ಹಗ್ಗಗಳನ್ನು ಕೂಡಿಸಿ ಅದಕ್ಕೆ ಕಟ್ಟಿ, ಹನಮಪ್ಪನೊಬ್ಬನನ್ನೇ ಕೂರಿಸಿ, ದಂಡೆಯ ಮೇಲಿಂದ ಸ್ವಲ್ಪ ಸ್ವಲ್ಪವೇ ಬಿಟ್ಟೆವು. ಉಂಡ ಏಳು ಮಂದಿಯೂ ಹಗ್ಗ ಹಿಡಿದಿದ್ದೆವು. ಗಂಡನ ಹಿಂದೆ ಆ ಎಳೆಯ ಹೆಂಡತಿಯೂ. ನನ್ನ ಅಂಗೈ ಸುಲಿಯಿತು. ಹನಮಪ್ಪ ಮರ ಮುಟ್ಟಿ ಅವಳ ನಡುವಿಗೆ ಹಗ್ಗ ಬಿಗಿದ. ಆದರೆ ಅವಳು ಟೊಂಗೆ ಬಿಡಲಿಲ್ಲ. ಅವನು ಬೇಡಿಕೊಂಡ, ಬೈದ, ಬೆರಳು ಬಿಡಿಸಲು ನೋಡಿದ. ಅವಳು ಕಣ್ಣು ಮುಚ್ಚಿ ಇನ್ನೂ ಬಿಗಿಯಾಗಿ ತಬ್ಬಿದಳು. ಹರಿಗೋಲು ಕೊಂಬೆಗೆ ಬಡಿದು ನೀರು ತುಂಬತೊಡಗಿತು.

“ಯಾರ ಈಕಿ? ಎಲ್ಲಿಗೆ ಹೊಂಟಿದ್ಲು?” ಎಂದು ನೀಲವ್ವ ನನ್ನನ್ನು ಕೇಳಿದಳು. ಹೆಸರನ್ನೂ ಮಗಳ ವಿಷಯವನ್ನೂ ಹೇಳಿದೆ. ಅವಳು ನೀರಿನ ಅಂಚಿಗೆ ಇಳಿದು ನಿಂತು, ನಲವತ್ತು ವರ್ಷ ಹೊಳೆಯ ಮೇಲೆ ಕೂಗಿ ಕೂಗಿ ಪಳಗಿದ ದನಿಯನ್ನು ಎತ್ತಿದಳು.

“ಏ ರುಕ್ಮವ್ವಾ! ಮಗಳು ಬ್ಯಾನಿ ತಡಕೊಂಡ ನಿನ್ನ ದಾರಿ ನೋಡಾಕತ್ತಾಳ! ಗಿಡಾ ಬಿಡು!”

ರುಕ್ಮವ್ವ ಕಣ್ಣು ತೆರೆದಳು. ತೋಳು ಬಿಟ್ಟಳು. ನೀರು ಅವಳನ್ನು ಪೂರಾ ಮುಳುಗಿಸಿತು. ಹಗ್ಗ ಜಗ್ಗಿದ್ದು ನನ್ನ ಸುಲಿದ ಕೈಗೆ ಗೊತ್ತಾಯಿತು. ಈ ಸಲದ ಭಾರಕ್ಕೆ ನಾನು ದೇವರಿಗೆ ಕೈ ಮುಗಿಯುವ ಹಾಗಿರಲಿಲ್ಲ, ಕೈ ಬಿಡುವಂತಿರಲಿಲ್ಲ. ಹನಮಪ್ಪ ಅವಳ ಸೆರಗು ಹಿಡಿದು ಒಳಗೆಳೆದುಕೊಂಡ. ನಾವು ಎಳೆದೆವು.

ಒಲೆಯ ಮುಂದೆ ಕೂರಿಸಿ, ಒಣ ಸೀರೆ ಉಡಿಸಿ, ನೀಲವ್ವ ಬಿಸಿ ಗಂಜಿ ತಂದಳು. ರುಕ್ಮವ್ವ ನಡುಗುತ್ತಲೇ ತಲೆಯಾಡಿಸಿದಳು.

“ಇವತ್ತ ಏಕಾದಶಿ.”

“ಹೊಳಿ ನೀರ ಅರ್ಧ ಕುಡದ ಬಂದಿ. ಉಪಾಸ ಇನ್ನೆಲ್ಲಿ ಉಳೀತವ್ವ?”

“ಅದು ನಾ ಕುಡದದ್ದಲ್ಲ. ಅದಾ ಹೊಕ್ಕದ್ದು.”

“ಎಂಥಾ ಹಟಮಾರಿ ಇದ್ದೀಯ! ಅದಕ್ಕ ಗಿಡಾ ಬಿಡಲಿಲ್ಲ ನೀ” ಎಂದು ನೀಲವ್ವ ಗಂಜಿ ಒಳಗಿಟ್ಟು, ಗೆಣಸು ತಂದು ಕೊಟ್ಟಳು. ಅದನ್ನು ರುಕ್ಮವ್ವ ತಿಂದಳು.

ನಾನು ಎದುರಿಗೆ ಕೂತು ಹೇಳಬೇಕಾದದ್ದನ್ನು ಹೇಳಿದೆ. “ಅವ್ವಾ, ನಿಮ್ಮನ್ನ ನಾ ಕೂಗಲಿಲ್ಲ. ಅದಕ್ಕ ಯಾರಿಗೂ ತಿಳೀಲಿಲ್ಲ.”

“ನಾನ ಹಿಡೀಬ್ಯಾಡ್ರಿ ಅಂದಿದ್ದೆ” ಎಂದಳು. ಗೆಣಸಿನ ಸಿಪ್ಪೆಯನ್ನು ಒಲೆಗೆ ಹಾಕಿ, “ಉಣ್ಣೂದಿಲ್ಲ ಅಂದಿದ್ದೆ ಮಾಸ್ತರ. ಬರೂದಿಲ್ಲ ಅಂದಿದ್ದಿಲ್ಲ” ಎಂದಳು. ಕೋಪದ ದನಿಯಲ್ಲ ಅದು.

ದ್ವಾದಶಿಯ ಬೆಳಿಗ್ಗೆ ಹೊಳೆ ಒಂದು ಮೊಳ ಇಳಿದಿತ್ತು. ಉಳಿದವರು ಹೊರಟುಹೋದರು. ರುಕ್ಮವ್ವ ಸ್ನಾನ ಮಾಡಿ ಮೊದಲ ತುತ್ತು ಉಂಡಳು. ಬಸ್ಸಿನ ದಾರಿಯವರೆಗೆ ಒಯ್ಯಲು ಚಕ್ಕಡಿ ಬರುವವರೆಗೆ ನಾನು ನೀಲವ್ವನ ಹತ್ತಿರ ಕೂತೆ. ವಹಿ ತೆಗೆಯಲು ನಾಚಿಕೆಯಾಗುತ್ತಿತ್ತು. ಅವಳೇ “ಬರಕೋರಿ, ಅದಕ್ಕ ಬಂದೀರಲ್ಲ” ಎಂದಳು. ಇಮಾಮಸಾಬರ ಎಲೆ ಕೊಟ್ಟೆ. ಒಂದು ನೆನೆದು ಕಪ್ಪಾಗಿತ್ತು; ಅದನ್ನು ಮೊದಲು ಬಾಯಿಗೆ ಹಾಕಿಕೊಂಡಳು.

ಸವಣೂರಿನಲ್ಲಿ ಕೇಳಿದ ಹುಕುಮಿನ ಕಥೆಯನ್ನು ಓದಿ ಹೇಳಿದೆ.

“ಜಿಪುಣ ಅಂದ್ನೇನ ಇಮಾಮಸಾಬ? ಎಲಿ ಮಾರಾಂವಗ ಬೀಸೂಕಲ್ಲಿನ ಸುದ್ದಿ ಏನ ಗೊತ್ತು! ಅವು ಬರದ ದಿನ. ನಮ್ಮತ್ತಿ ಎಂಟ ತಿಂಗಳ ಬಸರಿ. ಹೊಟ್ಟಿ ಅಡ್ಡ ಬರತೈತಂತ ಒಂದ ಮಗ್ಗಲಾ ಕುಂತು ಬೀಸತಿದ್ಲಂತ. ಹದಿನಾಲ್ಕ ಮಂದಿ ರೊಟ್ಟಿ ಬಡದ್ಲು. ಒಂಬತ್ತ ಮಂದೀದು ಹಂಗ ಉಳೀತು. ಬೈಲಿಲ್ಲಂತ, ಕೂಗಾಡಲಿಲ್ಲಂತ, ಆ ರೊಟ್ಟಿ ಮುಂದ ಕುಂತು ಅತ್ಲಂತ. ಮಾವ ಅದನ್ನ ನೋಡಿ ಹುಕುಂ ಮಾಡಿದ. ಆಕಿ ಕೈ ನೋವಿಗೆ ಆಗಿದ್ದ ಹುಕುಂ ಅದು. ಅವತ್ತ ಹೊಟ್ಟ್ಯಾಗಿದ್ದಾಂವ ನನ್ನ ಗಂಡ.”

ಗೆರೆ ಎಳೆದಿದ್ದ ಸಾಲನ್ನು ಹೊಡೆದು ಹಾಕಿ, ಇದನ್ನು ಬರೆದೆ. ಬಸುರಿಯೊಬ್ಬಳ ನೋವು ಕಂಡು ಮಾಡಿದ ನಿಯಮ. ನೋವು ಮರೆತುಹೋಗಿ ನಿಯಮ ಉಳಿದು, ಇನ್ನೊಬ್ಬ ಬಸುರಿಯ ತಾಯಿಯನ್ನು ಹೊಳೆಯಲ್ಲಿ ಬಿಟ್ಟು ಬರುವಂತೆ ಮಾಡಿತ್ತು. ಕಾಲೇಜಿನಲ್ಲಿ ನಾನು ಓದಿದ ಇತಿಹಾಸದಲ್ಲಿ ಯಾರು ಕಟ್ಟಿದರು, ಯಾರು ಆಳಿದರು ಎಂಬುದಿತ್ತು. ಬೀಸುವ ಕಲ್ಲಿನ ಮುಂದೆ ಯಾರು ಕೂತಿದ್ದರು ಎಂಬುದು ಇರಲಿಲ್ಲ.

“ರಾತ್ರೀನ ಹನಮಪ್ಪಗ ಹೇಳೇನಿ” ಎಂದಳು ನೀಲವ್ವ. “ಇನ್ನ ಮ್ಯಾಲ ಕೂಸಿನಿಂದ ಹಿಡದು ಮುದುಕರ ತನಕಾ ತಲಿ ಎಣಿಸಿ ಕೂಗಬೇಕು. ರೊಟ್ಟಿ ಉಳದ್ರ ಉಳೀಲಿ. ಆ ಹುಕುಂ ಮಾಡಿದೋರು ಮಾಲಕರು, ಮುರದಾಕಿ ನಾನೂ ಮಾಲಕಿ.”

“ಸೇತುವೆಯಾದ ಮ್ಯಾಲ?”

“ಆಗ್ಲಿ ಬಿಡ್ರಿ. ನಿನ್ನಿ ಬ್ರಿಜ್ ಇದ್ದಿದ್ರ ಈಕಿ ಒಣಾ ಸೀರ್ಯಾಗ ಮಗಳ ಮನಿ ಮುಟ್ಟತಿದ್ಲು. ಖಾನಾವಳಿ ಉಳೀಬೇಕಂತ ಮಂದಿ ಹೊಳ್ಯಾಗ ಬೀಳಬೇಕೇನ?” ಆಮೇಲೆ ನಕ್ಕಳು. “ಗೂಟ ಬಡ್ಯಾಕ ಬಂದಾವರು ಮಾಲಕ ಎಲ್ಲಿ ಅಂತ ಕೇಳಿದ್ರು. ಮಕ್ಕೊಂಡಾನ್ರಿ ಅಂದೆ. ಎಬ್ಬಸ್ರಿ ಅಂದ್ರು. ಹನ್ನೆರಡ ವರ್ಷ ಆತ್ರಿ ಮಕ್ಕೊಂಡು, ನನ್ನ ಮಾತಿಗೆ ಇನ್ನೂ ಎದ್ದಿಲ್ಲ, ನೀವ ಎಬ್ಬಸ್ರಿ ಅಂದೆ. ಪಾಪ, ಟೊಪಗಿ ತಗದ್ರು.”

ಚಕ್ಕಡಿ ಬಂತು. ರುಕ್ಮವ್ವನನ್ನು ಮಗಳ ಮನೆಗೆ ಮುಟ್ಟಿಸಿಯೇ ಮರಳಬೇಕೆಂದು ನಾನೂ ಜೊತೆಗೆ ಹತ್ತಿದೆ. ಬಸ್ಸು ಹಿರೇಕೆರೂರಿನ ಹತ್ತಿರ ಬಂದಾಗ ನನ್ನ ಕಡೆ ತಿರುಗಿದಳು. “ಮಾಸ್ತರ, ಮಗಳ ಮುಂದ ಹೊಳಿ ಸುದ್ದಿ ತೆಗೀಬ್ಯಾಡ್ರಿ. ಮೊದಲ ಹೆದರಿದಾಕಿ. ಆಕಿ ಹಡದು ಎದ್ದ ಮ್ಯಾಲ ಬೇಕಾದ್ರ ಪ್ಯಾಟ್ಯಾಗ ನಿಂತ ಹೇಳ್ರಿ.”

ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಗಂಟು ಹೊಳೆಯ ಪಾಲಾಗಿತ್ತು, ಬರಿಗೈಯಲ್ಲಿ ಬಂದ ತಾಯಿಯನ್ನು ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ನೋಡಿದಳು. ಇಪ್ಪತ್ತರ ಹುಡುಗಿ, ತುಂಬಿದ ಹೊಟ್ಟೆ, ಬಿಳಿಚಿದ ಮುಖ. ಅತ್ತಳು, ನಕ್ಕಳು, “ಇಷ್ಟ ತಡಾ ಯಾಕ ಮಾಡಿದಿ?” ಎಂದು ಜಗಳ ತೆಗೆದಳು. ಕಾಲು ತೊಳೆಯಲು ಬಿಸಿನೀರು ತಂದು ಹಾಕುವಾಗ ತಾಯಿಯ ತೋಳುಗಳ ಒಳಬದಿ ಕಣ್ಣಿಗೆ ಬಿತ್ತು. ತೊಗಟೆ ಉಜ್ಜಿ ಚರ್ಮ ಕಿತ್ತಿತ್ತು.

“ಇದೇನವ್ವ?”

“ಬೇಲಿ ತರಚೇತಿ.”

“ಎರಡೂ ಕೈಗೆ ಬೇಲಿ?” ಮಗಳು ತಂಬಿಗೆ ಕೆಳಗಿಟ್ಟು ನನ್ನ ಕಡೆ ನೋಡಿದಳು. “ನೀವ ಹೇಳ್ರಿ ಅಣ್ಣಾರ. ಏನಾತು?”

ರುಕ್ಮವ್ವ ತೋಳಿನ ಮೇಲೆ ಸೆರಗು ಎಳೆದುಕೊಂಡಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ; ನಿಜ ಹೇಳಲು ಅನುಮತಿ ಇರಲಿಲ್ಲ.

“ಹೊಳಿ ಏರಿತ್ತವ್ವ” ಎಂದೆ. “ನಿಮ್ಮವ್ವ ಗಟ್ಟಿ ಹಿಡಕೊಂಡಿದ್ರು.”

ಮಗಳ ಮುಖ ಸಡಿಲಾಯಿತು. “ಹಿಡದ್ರ ಬಿಡೂ ಪೈಕಿ ಅಲ್ಲ ಬಿಡ್ರಿ ಈಕಿ. ಸಾಲಿಗೆ ಹೋಗೂ ಮುಂದ ನನ್ನ ರಟ್ಟಿ ಹಿಂಗ ಹಿಡೀತಿದ್ಲು, ಐದೂ ಬೆರಳ ಮೂಡತಿದ್ದು” ಎಂದು ನಕ್ಕು, ತಾಯಿಯ ತೋಳಿಗೆ ಕೊಬ್ಬರಿ ಎಣ್ಣೆ ಹಚ್ಚತೊಡಗಿದಳು. ರುಕ್ಮವ್ವ ಕಣ್ಣು ಮುಚ್ಚಿ ಹಚ್ಚಿಸಿಕೊಂಡಳು. ನಾನು ಹೋಗಿ ಬರುತ್ತೇನೆ ಎಂದದ್ದು ಇಬ್ಬರಿಗೂ ಕೇಳಲಿಲ್ಲ.

ಮರುದಿನ ಹೊಳೆಯ ದಾರಿ ಹಿಡಿಯುವ ಧೈರ್ಯವಾಗದೆ ಹಾವೇರಿಯ ಸುತ್ತಿನ ದಾರಿಯಲ್ಲಿ ಬಸ್ಸಿನಲ್ಲೇ ಮರಳಿದೆ. ಹೆದ್ದಾರಿಯ ಸೇತುವೆಯ ಮೇಲೆ ಅದೇ ವರದೆ ಮತ್ತೆ ಸಿಕ್ಕಳು. ಎರಡು ಉಸಿರಿನಷ್ಟು ಹೊತ್ತು ಅಷ್ಟೇ. ಬಸ್ಸಿನಲ್ಲಿ ಯಾರೂ ಹೊರಗೆ ನೋಡಲಿಲ್ಲ; ಒಬ್ಬರು ಶೇಂಗಾ ಸುಲಿಯುತ್ತಿದ್ದರು, ಇನ್ನೊಬ್ಬರು ಮಲಗಿದ್ದರು.

ಇಪ್ಪತ್ತು ದಿನಗಳ ಮೇಲೆ ಶಾಲೆಯ ವಿಳಾಸಕ್ಕೆ ಒಂದು ಕಾರ್ಡು ಬಂತು. ರುಕ್ಮವ್ವ ಅಳಿಯನ ಕೈಯಿಂದ ಬರೆಸಿದ್ದು. ಹೆಣ್ಣು ಕೂಸು, ಹದಿನೈದು ದಿನ ತುಂಬಿವೆ, ಮೊಲೆ ಹಿಡಿದಿದೆ. ಕೆಳಗೆ ಅಂಚಿನಲ್ಲಿ ಇನ್ನೊಂದು ಸಾಲು: “ಮಗಳಿಗೆ ಎಲ್ಲಾ ನಾನ ಹೇಳೇನಿ. ಇನ್ನ ನೀವು ಹೇಳಬಹುದು.”